ಬುರುಜಿನ ಕೋಣೆಯ ಮೊದಲ ನಿದ್ದೆ

ಕೋಟೆಯೊಳಗಿನ ಆ ಹಳೆಯ ಹೋಟೆಲಿನಲ್ಲಿ ಒಂದು ಪದ್ಧತಿಯಿದೆ. ಯಾವ ಕೋಣೆ ರಿಪೇರಿಯಾದರೂ ಅತಿಥಿಗಳಿಗೆ ಕೊಡುವ ಮೊದಲು ಕೆಲಸದವರಲ್ಲಿ ಒಬ್ಬರು ಅಲ್ಲಿ ಒಂದು ರಾತ್ರಿ ಮಲಗಿ ಏಳಬೇಕು. ಬೆಳಿಗ್ಗೆ ಮೇಲ್ವಿಚಾರಕಿ ಬಂದಾಗ ಹೊಸ್ತಿಲಲ್ಲಿ ನಿಂತು ಎರಡರಲ್ಲಿ ಒಂದು ಮಾತು ಹೇಳಬೇಕು: ‘ಕೋಣೆ ನಿದ್ದೆ ಹೋಯ್ತು’, ಇಲ್ಲವೇ ‘ಕೋಣೆ ನಿದ್ದೆ ಹೋಗ್ಲಿಲ್ಲ’. ಹೋಗಲಿಲ್ಲ ಎಂದರೆ ಯಾಕೆ ಎಂದೂ ಹೇಳಬೇಕು. ಬಾಗಿಲ ಕೀಲು ಕಿರುಗುಟ್ಟಿತು, ಗೋಡೆಯೊಳಗಿನ ಪೈಪು ಗೊಣಗಿತು, ಕಿಟಕಿಯ ಸಂದಿನಲ್ಲಿ ಗಾಳಿ ಸಿಳ್ಳೆ ಹೊಡೆಯಿತು, ಹೀಗೆ. ಸಹಿ ಇಲ್ಲ, ಮೊಹರಿಲ್ಲ. ಬಾಯಿಮಾತೇ ಕೊನೆ.

ಕಟ್ಟಡವೇ ಅಂಥದ್ದು. ಒಂದು ಕಾಲಕ್ಕೆ ಕೋಟೆಯ ಆಯುಧಶಾಲೆ, ಆಮೇಲೆ ಧಾನ್ಯದ ಉಗ್ರಾಣ, ಅದಾದ ಮೇಲೆ ಬಹಳ ಕಾಲ ಪಾರಿವಾಳಗಳ ಸಾಮ್ರಾಜ್ಯ. ಈಗ ಅದರೊಳಗೆ ಹಿತ್ತಾಳೆಯ ನಲ್ಲಿಗಳು, ಪಾದ ಹೂತುಹೋಗುವ ನೆಲಹಾಸು, ಒಬ್ಬರೇ ಎತ್ತಲಾಗದಷ್ಟು ಭಾರದ ಪರದೆಗಳು. ಹೆಬ್ಬಾಗಿಲಿನಿಂದ ಒಳಗೆ ಕಾರು ಬರುವುದಿಲ್ಲ; ಅತಿಥಿಗಳು ಸವೆದು ನುಣುಪಾದ ಕಲ್ಲುಹಾಸಿನ ಓಣಿಯಲ್ಲಿ ನಡೆದು ಬರುತ್ತಾರೆ, ಅವರ ಪೆಟ್ಟಿಗೆಗಳು ಕೈಗಾಡಿಯಲ್ಲಿ ಹಿಂದೆ ಬರುತ್ತವೆ. ಅಷ್ಟು ಖರ್ಚು ಮಾಡಿ, ಅಷ್ಟು ನಡೆದು ಬಂದವರಿಗೆ ಕಡೆಗೆ ಬೇಕಾಗುವುದು ಕಣ್ತುಂಬ ನಿದ್ದೆ. ಆ ಕಲ್ಲಿನ ಗೋಡೆಗಳೋ, ಒಂದು ಮೂಲೆಯಲ್ಲಿ ಕೆಮ್ಮಿದರೆ ಇನ್ನೊಂದು ಮೂಲೆಗೆ ಚಾಡಿ ಹೇಳುವಂಥವು.

ಮೊದಲು ಮಲಗಿ ಏಳುವ ಈ ಕೆಲಸ ಬಹಳ ವರ್ಷಗಳಿಂದ ಒಬ್ಬಳದೇ. ಹೋಟೆಲಿನಲ್ಲಿ ಆಕೆಯನ್ನು ಕರೆಯುವುದು ಕಿವಿಯಮ್ಮ ಎಂದು. ಕೋಣೆ ಗುಡಿಸಲು ಸೇರಿದ ಹೊಸದರಲ್ಲಿ ಅತಿಥಿಯೊಬ್ಬರ ಕೈಗಡಿಯಾರ ಕಳೆದುಹೋಗಿತ್ತು. ಎಲ್ಲರ ಚೀಲ ಜಾಲಾಡಿ, ಎಲ್ಲರೂ ಒಬ್ಬರನ್ನೊಬ್ಬರು ಅರೆಗಣ್ಣಲ್ಲಿ ನೋಡುತ್ತಿದ್ದಾಗ ಈಕೆ, “ಒಂದು ಗಳಿಗೆ ಬಾಯಿ ಮುಚ್ಚಿ ಎಲ್ಲರೂ” ಎಂದು ನೆಲದ ಹಲಗೆಗೆ ಕಿವಿ ಹಚ್ಚಿದಳು. ಹಲಗೆಯ ಕೆಳಗೆ ಗಡಿಯಾರ ತನ್ನ ಪಾಡಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಅಂದು ಅಂಟಿದ ಹೆಸರು ಮತ್ತೆ ಬಿಡಲಿಲ್ಲ. ಮದುವೆಯ ನಂತರದ ಬದುಕಿನಲ್ಲಿ ಆಕೆಗೆ ಸಿಕ್ಕ ಒಂದೇ ಪದವಿ ಅದು.

ಎರಡು ವರ್ಷಗಳಿಂದ ಆ ಹೆಸರು ಆಕೆಗೆ ಚುಚ್ಚುತ್ತಿತ್ತು. ಮೊದಲು ಎಡಗಿವಿ ಹೋಯಿತು. ಬಲಗಿವಿ ಅದರ ಹಿಂದೆಯೇ ಹೊರಟಿತು. ಎದುರಿಗೆ ನಿಂತು ಮಾತಾಡಿದರೆ ತೊಂದರೆಯಿಲ್ಲ, ತುಟಿ ಕಾಣುತ್ತದೆ. ಬೆನ್ನ ಹಿಂದಿನ ಲೋಕ ಮಾತ್ರ ಮಾಯವಾಗಿತ್ತು. ಯಾರಿಗೂ ಹೇಳಲಿಲ್ಲ. ಗಂಡ ಹೆಬ್ಬಾಗಿಲಲ್ಲಿ ಕೈಗಾಡಿ ನೂಕುವವನು, ಮನೆಗೆ ಬಂದರೆ ಮಾತೇ ಕಡಿಮೆ, ಅವನಿಗೆ ಗೊತ್ತಾಗಲಿಲ್ಲ. ಮೈದುನನ ಹೆಂಡತಿಗೆ ಗೊತ್ತಾಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಅಣ್ಣತಮ್ಮಂದಿರ ಸಂಸಾರಗಳು ಒಂದೇ ಮನೆಯಲ್ಲಿ, ನಡುವೆ ಒಂದು ಹಲಗೆಯ ಗೋಡೆ. ಈ ವಾರಗಿತ್ತಿ ಹೋಟೆಲಿನ ನೆಲಮಾಳಿಗೆಯ ಇಸ್ತ್ರಿ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಬಾಯಿ ನಿಲ್ಲದ್ದರಿಂದ ಅಲ್ಲಿ ಅವಳ ಹೆಸರು ರೇಡಿಯೊ.

ರೇಡಿಯೊಳ ಗೊರಕೆಯ ಬಗ್ಗೆ ಕಿವಿಯಮ್ಮ ವರ್ಷಗಟ್ಟಲೆ ರಂಪ ಮಾಡಿದ್ದಳು. ಎರಡು ವರ್ಷಗಳಿಂದ ಚಕಾರವೆತ್ತಿಲ್ಲ. ‘ನೋಡಿದ್ರಾ, ನನ್ನ ಗೊರಕೆ ತಾನಾಗೇ ನಿಂತೋಯ್ತು’ ಎಂದು ರೇಡಿಯೊ ಓಣಿಯೆಲ್ಲ ಸಾರಿಕೊಂಡು ಬಂದಿದ್ದಳು.

ಕೋಣೆಗಳಲ್ಲಿ ಕಿವಿಯಮ್ಮ ಉಪಾಯ ಹೂಡಿದಳು. ನಲ್ಲಿಯ ಕೆಳಗೆ ಒಣ ಕಾಗದ ಇಡುವುದು, ಹನಿ ಬಿದ್ದರೆ ಬೆಳಿಗ್ಗೆ ಗೊತ್ತಾಗುತ್ತದೆ. ಮೇಜಿನ ಮೇಲೆ ಲೋಟದಲ್ಲಿ ನೀರಿಟ್ಟು ಅಲುಗುತ್ತದೆಯೇ ನೋಡುವುದು. ಬಾಗಿಲು ಎಳೆಯುವಾಗ ಕೀಲಿಗೆ ಬೆರಳಿಟ್ಟು ನಡುಕ ಹಿಡಿಯುವುದು. ಹೀಗೆ ದಿನ ದೂಡುತ್ತಿದ್ದವಳು ಕಳೆದ ತಿಂಗಳು ಸಿಕ್ಕಿಬಿದ್ದಳು; ಬಿದ್ದದ್ದು ಆಕೆಯೊಬ್ಬಳಿಗೇ ಗೊತ್ತು. ಅಂಗಳದ ಪಕ್ಕದ ಕೋಣೆ ‘ನಿದ್ದೆ ಹೋಯ್ತು’ ಎಂದು ಹೇಳಿ ಬಂದ ಮರುದಿನವೇ ಅಲ್ಲಿ ಇಳಿದ ಅತಿಥಿ, ರಾತ್ರಿಯೆಲ್ಲ ಗೋಡೆಯೊಳಗೆ ನೀರು ತೊಟ್ಟಿಕ್ಕುತ್ತಿತ್ತು ಎಂದು ಬೆಳಗಾಗುವುದರೊಳಗೆ ಪೆಟ್ಟಿಗೆ ಕಟ್ಟಿದ. ಗೋಡೆಯೊಳಗಿನ ಹನಿಗೆ ಯಾವ ಕಾಗದ ಇಡಲಾದೀತು?

ಕಿವಿಯಮ್ಮನನ್ನು ಯಾರೂ ಅನುಮಾನಿಸಲಿಲ್ಲ. ಆಕೆ ಮಲಗಿದಾಗ ಹನಿ ಇರಲಿಲ್ಲವೆಂದ ಮೇಲೆ ಆಮೇಲೆ ಯಾರೋ ಪೈಪು ಕೆದಕಿರಬೇಕು. ಪ್ಲಂಬರ್ ಆ ದಿನ ಅಲ್ಲೇ ಓಡಾಡಿದ್ದ. ‘ನಾನು ಮುಟ್ಟೇ ಇಲ್ಲ’ ಎಂದು ಅವನು ಬಡಕೊಂಡರೂ ಕೇಳುವವರಿಲ್ಲ. ಕೋಣೆಗಳ ಕೆಲಸದಿಂದ ತೆಗೆದು ಅವನನ್ನು ಕೋಟೆಯ ಹೊರಗಿನ ತೋಟದ ಪೈಪುಗಳಿಗೆ ಹಾಕಿದರು. ಅಂದಿನಿಂದ ಓಣಿಯಲ್ಲಿ ಅವನು ಎದುರಾದರೆ ಕಿವಿಯಮ್ಮ ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದಳು.

ಇಂಥ ಹೊತ್ತಿನಲ್ಲಿ ಬುರುಜಿನ ಕೋಣೆ ಸಿದ್ಧವಾಯಿತು. ಕೋಟೆಗೋಡೆಯ ಮೂಲೆಯಲ್ಲಿ ದುಂಡಗೆ ಎದ್ದು ನಿಂತ ಬುರುಜು, ಅದರ ನೆತ್ತಿಯ ಕೆಳಗೆ ದುಂಡಗಿನ ಕೋಣೆ. ಹೋಟೆಲಿನಲ್ಲೇ ದುಬಾರಿಯದು. ಎರಡು ಮಂಚ, ಎರಡು ಬಚ್ಚಲು. ಎರಡೂ ಕಡೆ ಒಟ್ಟಿಗೆ ನೀರು ಬಿಟ್ಟು ನೋಡಬೇಕು, ಈ ಸಲ ಜೊತೆಗೊಬ್ಬರನ್ನು ಕರೆದುಕೊಳ್ಳಿ ಎಂದರು ಮೇಲ್ವಿಚಾರಕಿ. ಸುದ್ದಿ ನೆಲಮಾಳಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ.

“ಅಕ್ಕಾ, ನಾನೇ ಬರೋದು. ಬೇರೆಯವರನ್ನ ಕರೆದ್ರೆ ನೋಡು!” ರೇಡಿಯೊ ಮೆಟ್ಟಿಲು ಹತ್ತಿಕೊಂಡೇ ಬಂದಿದ್ದಳು, ಮುಖವೆಲ್ಲ ಇಸ್ತ್ರಿಯ ಬೆವರು. “ಆ ಚಾದರಗಳಿಗೆ ಇಸ್ತ್ರಿ ಹಾಕಿ ಹಾಕಿ ನನ್ನ ಭುಜ ಬಿದ್ದೋಯ್ತು. ಒಂದು ಸಲ ಆದ್ರೂ ಅದರ ಮೇಲೆ ಮಲಗಿ ಸಾಯ್ತೀನಿ.”

“ಸಾಯೋದಾದ್ರೆ ಮನೇಲಿ ಸಾಯಿ. ಅಲ್ಲಿ ಮಲಗೋದು ಕೆಲಸ ಕಣೇ, ಮೋಜಲ್ಲ.”

“ಮಲಗೋದು ಕೆಲಸ! ಕೇಳ್ರಪ್ಪಾ! ನನಗೂ ಕೊಡಿಸು ಅಂಥ ಕೆಲಸ.”

ಬೇಡ ಎನ್ನಲು ಕಿವಿಯಮ್ಮನಿಗೆ ಕಾರಣ ಹೊಳೆಯಲಿಲ್ಲ. ಇದ್ದ ಕಾರಣ ಹೇಳುವಂಥದ್ದಲ್ಲ.

ಸಂಜೆ ಇಬ್ಬರೂ ಸುತ್ತುಮೆಟ್ಟಿಲು ಹತ್ತಿ ಹೋದರು. ರೇಡಿಯೊ ಮೊದಲು ಮಾಡಿದ ಕೆಲಸ ಚಾದರದ ಮೂಲೆ ಎತ್ತಿ ಮಡಿಕೆ ನೋಡಿದ್ದು. “ನನ್ನದೇ. ನಾನು ಮೂಲೆ ಒಳಗಿಂದ ಮಡಚ್ತೀನಿ, ನೋಡು.” ಆಮೇಲೆ ಅದರ ಮೇಲೆ ಕೂರಲು ಮನಸ್ಸೇ ಬಾರದೆ ಮಂಚದ ಸುತ್ತ ಎರಡು ಸುತ್ತು ಬಂದಳು. “ನಾಳೆ ಈ ಮುದುರು ಬಿಡಿಸೋದು ಯಾರು? ನಾನೇ ತಾನೆ?” ಎಂದು ನೆಲಹಾಸಿನ ಮೇಲೆ ಕಾಲು ಚಾಚಿದಳು. ಕಿವಿಯಮ್ಮ ನಕ್ಕುಬಿಟ್ಟಳು. ಆಕೆಗೆ ಈ ಕೋಣೆಗಳು ಬೆರಗು ಹುಟ್ಟಿಸುವುದು ನಿಂತು ಯಾವುದೋ ಕಾಲವಾಗಿತ್ತು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನೊಳಗೆ ಒಬ್ಬರು ಕಾಲು ಮಡಚಿ ಕೂರಬಹುದು. ರೇಡಿಯೊ ಸ್ನಾನಕ್ಕೆ ಹೋದಾಗ ಕಿವಿಯಮ್ಮ ಅಲ್ಲಿ ಕೂತು ಹೊರಗೆ ನೋಡಿದಳು. ಕೆಳಗೆ ಹೆಂಚಿನ ಮಾಡುಗಳು, ಒಣಹಾಕಿದ ಬಟ್ಟೆ, ಹೆಬ್ಬಾಗಿಲ ಬಳಿ ಖಾಲಿ ಕೈಗಾಡಿಗೆ ಒರಗಿ ನಿಂತ ಗಂಡ. ಬೆಳಕು ಕರಗುವವರೆಗೂ ನೋಡುತ್ತಿದ್ದಳು.

ತಿರುಗಿದಾಗ ರೇಡಿಯೊ ಮಾರು ದೂರದಲ್ಲಿ ನಿಂತಿದ್ದಳು. ಒದ್ದೆ ತಲೆ, ಕೆಂಪು ಮುಖ. ನೆಟ್ಟ ನೋಟ.

“ಯಾಕೇ ಹಾಗೆ ನೋಡ್ತೀಯ?”

“ಏನಿಲ್ಲ ಅಕ್ಕ. ಚಿಲಕ ಸ್ವಲ್ಪ ಬಿಗಿ.”

ಆಮೇಲೆ ರೇಡಿಯೊ ಹೆಚ್ಚು ಮಾತಾಡಲಿಲ್ಲ. ಕೋಣೆಯ ವೈಭೋಗಕ್ಕೆ ಬಾಯಿ ಕಟ್ಟಿರಬೇಕು ಅಂದುಕೊಂಡಳು ಕಿವಿಯಮ್ಮ. ಇಬ್ಬರೂ ಎರಡು ಬಚ್ಚಲಲ್ಲಿ ಒಟ್ಟಿಗೆ ನೀರು ಬಿಟ್ಟು ನೋಡಿದರು, ನಿಲ್ಲಿಸಿದರು. ಕಾಗದ, ಲೋಟ ಎಲ್ಲ ಅವುಗಳ ಜಾಗದಲ್ಲಿ ಇಟ್ಟದ್ದಾಯಿತು. ಆ ಮೆತ್ತನೆಯ ಹಾಸಿಗೆಯಲ್ಲಿ ಕಿವಿಯಮ್ಮನಿಗೆ ಬಿದ್ದೊಡನೆ ನಿದ್ದೆ ಹತ್ತಿತು. ಎಚ್ಚರ ಇರಬೇಕಾದವಳಿಗೆ ಈಗೀಗ ಎಂಥ ನಿದ್ದೆ! ಲೋಕವೇ ಸುಮ್ಮನಿರುವಾಗ ಎಬ್ಬಿಸುವವರಾದರೂ ಯಾರು?

ಬೆಳಿಗ್ಗೆ ಕಾಗದ ಒಣಗಿಯೇ ಇತ್ತು. ಲೋಟದ ನೀರು ಕನ್ನಡಿಯಂತಿತ್ತು. ಗೋಡೆಗೆ ಅಂಗೈ ಇಟ್ಟು ನೋಡಿದಳು, ತಣ್ಣಗೆ ಸುಮ್ಮನಿತ್ತು. ಸಮಾಧಾನದಿಂದ ತಲೆ ಬಾಚಿಕೊಳ್ಳುತ್ತಿದ್ದಾಗ ರೇಡಿಯೊ ಬಂದು ಎದುರಿಗೇ ಕೂತಳು. ಕಣ್ಣು ಕೆಂಡದಂತಿದ್ದವು.

“ನಿದ್ದೆ ಹೋಯ್ತು ಅಂತ ಹೇಳ್ಬೇಡ ಅಕ್ಕ.”

“ಯಾಕೆ?”

“ನಮ್ಮ ತಲೆ ಮೇಲೆ, ಬುರುಜಿನ ನೆತ್ತಿಲಿ ಬಾವುಟದ ಕಂಬ ಇದೆಯಲ್ಲ, ಬೆಳಗಿನ ಗಾಳಿ ಎದ್ದ ಮೇಲೆ ಅದರ ಕಬ್ಬಿಣದ ಹಗ್ಗ ಕಂಬಕ್ಕೆ ಬಡೀತಿದೆ. ಠಣ್ ಠಣ್ ಅಂತ. ಈಗಲೂ.”

ಕಿವಿಯಮ್ಮ ಮೇಲೆ ನೋಡಿದಳು. ಆಕೆಗೆ ಕಂಡದ್ದು ಸುಣ್ಣ ಬಳಿದ ಚಾವಣಿ ಮಾತ್ರ.

“ನೀನು ಮಲಗಲಿಲ್ವಾ?”

“ಹೇಗೆ ಮಲಗೋದು? ನಿನ್ನೆ ಬಚ್ಚಲ ಚಿಲಕ ಸಿಕ್ಕಾಕ್ಕೊಂಡು ನಾನು ಒಳಗೆ ಲಬೋ ಲಬೋ ಅಂತಿದ್ದೆ. ಬಾಗಿಲು ಗುದ್ದಿದೆ, ಒದ್ದೆ. ನೀನು ಕಿಟಕೀಲಿ ಮಹಾರಾಣಿ ಹಾಗೆ ಕೂತಿದ್ದೆ. ಅಂತೂ ಚಿಲಕ ಬಿಡಿಸ್ಕೊಂಡು ಬಂದು ನಿನ್ನ ಬೆನ್ನ ಹಿಂದೆ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ನಿನ್ನ ಅಡುಗೆಗೆ ಉಪ್ಪು ಜಾಸ್ತಿ, ನೀನು ಜಂಬಗಾತಿ, ಭಾವ ಪಾಪದ ಮನುಷ್ಯ ಅಂತ. ನೀನು ತಿರುಗಲೇ ಇಲ್ಲ.” ರೇಡಿಯೊ ಮೂಗು ಒರೆಸಿಕೊಂಡಳು. “ನನ್ನ ಗೊರಕೆ ನಿಂತಿಲ್ಲ ಅಲ್ವಾ?”

ಕಿವಿಯಮ್ಮ ಬಾಚಣಿಗೆ ಕೆಳಗಿಟ್ಟಳು. “ಯಾರಿಗೆಲ್ಲ ಹೇಳ್ತೀಯ?”

“ಯಾರಿಗೂ ಇಲ್ಲ. ಹಗ್ಗದ ವಿಷಯ ನೀನೇ ಹೇಳು, ನಿನ್ನ ಬಾಯಲ್ಲೇ. ಮುಂದೆ ಒಂಟಿ ಕೋಣೆ ಇದ್ರೂ ಏನಾದ್ರೂ ನೆಪ ಹೇಳಿ ನನ್ನ ಕರ್ಕೋ. ನಾನು ಉಸಿರೆತ್ತಲ್ಲ, ಆಣೆಗೂ.”

ಆ ಬಾಯಿ ಎಂದಾದರೂ ಒಂದು ಗುಟ್ಟು ಕಾಪಾಡಿದ್ದುಂಟೇ? ಆದರೆ ಆ ಕೆಂಪು ಕಣ್ಣುಗಳನ್ನು ನೋಡಿದರೆ ಈ ಸಲ ಕಾಪಾಡುತ್ತದೆ ಎಂದೇ ಅನ್ನಿಸಿತು. ಕೆಲಸ ಉಳಿಯುತ್ತದೆ, ಹೆಸರು ಉಳಿಯುತ್ತದೆ. ಕಿವಿಯಮ್ಮನಿಗೆ ಎದೆಯ ಭಾರ ಅರ್ಧ ಇಳಿದಂತಾಯಿತು.

ಅಷ್ಟರಲ್ಲಿ ಮೇಲ್ವಿಚಾರಕಿ ಬಾಗಿಲಲ್ಲಿ ಕಾಣಿಸಿಕೊಂಡರು. ಕಿವಿಯಮ್ಮ ಹೊಸ್ತಿಲಿಗೆ ಹೋಗಿ ನಿಂತಳು.

“ಕೋಣೆ ನಿದ್ದೆ ಹೋಗ್ಲಿಲ್ಲ ಮೇಡಂ. ಬಾವುಟದ ಕಂಬಕ್ಕೆ ಹಗ್ಗ ಬಡೀತಿದೆ. ಈ ಕಡೆ ಬಚ್ಚಲ ಚಿಲಕಾನೂ ಹಿಡ್ಕೊಳತ್ತೆ.”

ಮೇಲ್ವಿಚಾರಕಿ ಒಂದು ಕ್ಷಣ ಕಿವಿಗೊಟ್ಟು ನಿಂತರು. ಮುಖ ಅರಳಿತು. “ಹೌದಲ್ಲಾ! ನಾನು ಮೆಟ್ಟಿಲು ಹತ್ತಿ ಬಂದೆ, ಗಮನಿಸ್ಲೇ ಇಲ್ಲ ನೋಡಿ. ಇದಕ್ಕೇ ಕಿವಿಯಮ್ಮ, ನೀವು ಬೇಕು ಅನ್ನೋದು. ಮ್ಯಾನೇಜರಿಗೂ ಅದನ್ನೇ ಹೇಳಿದೆ, ಆ ಅಂಗಳದ ಪಕ್ಕದ ಕೋಣೆ ವಿಷಯದಲ್ಲಿ ನಿಮ್ಮ ಮಾತು ಸುಳ್ಳಾಗೋಕೆ ಸಾಧ್ಯವೇ ಇಲ್ಲ ಅಂತ. ಆ ಪ್ಲಂಬರದ್ದೇ ಕೈಚಳಕ. ಈ ತಿಂಗಳು ಕಳೆದ್ರೆ ಅವನನ್ನ ಕೆಲಸದಿಂದಲೇ ಬಿಡಿಸ್ತಾರಂತೆ.”

ರೇಡಿಯೊ ಹಿಂದಿನಿಂದ ಏನಾದರೂ ಅಂದಳೋ ಇಲ್ಲವೋ, ಕಿವಿಯಮ್ಮನಿಗೆ ಕೇಳಿಸುವಂತಿರಲಿಲ್ಲ. ಮೇಲ್ವಿಚಾರಕಿಯ ತುಟಿಗಳ ಮೇಲೆ ಕಡೆಯ ಮಾತು ಮಾತ್ರ ಅಚ್ಚೊತ್ತಿದಂತೆ ಕಂಡಿತ್ತು. ಆಕೆ ಚೌಕಟ್ಟಿಗೆ ಕೈಯಾನಿಸಿದಳು.

“ಹಗ್ಗದ ಸದ್ದು ಕೇಳಿದ್ದು ನಾನಲ್ಲ ಮೇಡಂ, ಇವಳು. ನನಗೆ ಏನೂ ಕೇಳಿಸ್ಲಿಲ್ಲ. ಆವತ್ತು ಆ ಕೋಣೆಲೂ ಕೇಳಿಸ್ಲಿಲ್ಲ. ಹನಿ ಮೊದಲಿಂದಾನೂ ಇತ್ತು. ಪ್ಲಂಬರ್ ಮುಟ್ಟಿಲ್ಲ ಅಂದಿದ್ದು ನಿಜ.”

“ಏನು ಹೇಳ್ತಿದ್ದೀರಿ?”

“ಕಿವಿ ಹೋಗಿದೆ. ಎರಡು ವರ್ಷ ಆಯ್ತು.”

ಮೇಲ್ವಿಚಾರಕಿ ಒಳಗೆ ಬಂದು, ಅತಿಥಿಗಳಿಗೆಂದು ಇಟ್ಟ ಕುರ್ಚಿಯಲ್ಲಿ ಕುಳಿತುಬಿಟ್ಟರು. ಆ ಹೋಟೆಲಿನಲ್ಲಿ ಅವರು ಕೋಣೆಯ ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಕಿವಿಯಮ್ಮನಿಗೆ. ಕಡೆಗೆ, “ಮೊದಲು ಡಾಕ್ಟರಿಗೆ ತೋರಿಸಿ. ಪ್ಲಂಬರ್ ವಿಷಯ ಮ್ಯಾನೇಜರ ಹತ್ರ ಇವತ್ತೇ ಮಾತಾಡ್ತೀನಿ, ನೀವೂ ಬರಬೇಕು” ಎಂದರು. ಆಮೇಲೆ, “ಕೋಣೆಲಿ ಮಲಗೋಕೆ ಇನ್ನು ನಿಮ್ಮನ್ನ ಕಳಿಸೋಕಾಗಲ್ಲ ಕಿವಿಯಮ್ಮ. ಇವರೇ ಮಲಗಲಿ” ಎಂದು ರೇಡಿಯೊಳ ಕಡೆ ನೋಡಿದರು.

“ಅಯ್ಯೋ, ನಾನೊಬ್ಬಳೇ ಆಗಲ್ಲ ಮೇಡಂ!” ರೇಡಿಯೊ ಮುಂದೆ ಬಂದು, ಕಿವಿಯಮ್ಮನಿಗೆ ತನ್ನ ಬಾಯಿ ಕಾಣುವಂತೆ ನಿಂತಳು. “ನನಗೆ ತಲೆದಿಂಬು ಕಂಡರೆ ಸಾಕು, ಹೆಣ. ನಿನ್ನೆ ಹೆದರಿಕೆಗೆ ಎದ್ದಿದ್ದೆ ಅಷ್ಟೇ. ನನ್ನ ಏಳಿಸೋಕೆ ಅಕ್ಕ ಬೇಕು. ಅತಿಥಿಗಳೂ ಜೋಡೀಲಿ ತಾನೆ ಬರೋದು?”

ಮೇಲ್ವಿಚಾರಕಿ ಆಗಲಿ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹೋಗುವಾಗ, ನೀವು ಹೊರಡುವ ಮೊದಲು ಚಾದರ ಬದಲಿಸಿ ಎಂದಷ್ಟೇ ಹೇಳಿದರು. ರೇಡಿಯೊ ತಾನು ಕೂರದೇ ಬಿಟ್ಟ ಹಾಸಿಗೆಯನ್ನು ತೋರಿಸಿ, “ನನ್ನದು ಬೇಕಾಗಿಲ್ಲ” ಎಂದಳು.

ಪ್ಲಂಬರ್ ವಾರದೊಳಗೆ ಕೋಟೆಯೊಳಗೆ ಮರಳಿದ. ಓಣಿಯಲ್ಲಿ ಎದುರಾದಾಗ ಕಿವಿಯಮ್ಮ ಈ ಸಲ ಚೀಲದಲ್ಲಿ ಏನೂ ಹುಡುಕಲಿಲ್ಲ. ಅವನು ನಗಲಿಲ್ಲ, ಆದರೆ ನಿಂತು, ಹೆಗಲ ಮೇಲಿನ ಉದ್ದದ ಪೈಪು ತಾಗದಂತೆ ಗೋಡೆಗೆ ಒತ್ತಿ ದಾರಿ ಬಿಟ್ಟ. ಕಿವಿಯಮ್ಮ ಹಗಲಿನ ಪಾಳಿಗೆ, ಚಾದರಗಳ ಉಗ್ರಾಣಕ್ಕೆ ಹೋದಳು. ಅಲ್ಲಿ ಆಕೆಯ ಹೆಸರು ಬದಲಾಗಲಿಲ್ಲ. ಕರೆಯುವವರು ಮಾತ್ರ ಎದುರಿಗೆ ಬಂದು ಕರೆಯತೊಡಗಿದರು.

ಮುಂದಿನ ಕೋಣೆ ರಿಪೇರಿಯಾದಾಗ ಮೇಲ್ವಿಚಾರಕಿ ಇಬ್ಬರ ಹೆಸರನ್ನೂ ಹೇಳಿ ಕಳಿಸಿದರು. ರೇಡಿಯೊ ಈ ಸಲ ಹಾಸಿಗೆ ಮೇಲೆ ಕೂರುವ ಧೈರ್ಯ ಮಾಡಿದಳು, ಕೂತವಳು ಒರಗಿದಳು. ದೀಪ ಆರಿಸಿ ಇನ್ನೂ ಒಂದು ಗಳಿಗೆಯಾಗಿರಲಿಲ್ಲ. ಕಿವಿಯಮ್ಮ ಕೈ ಚಾಚಿ ಪಕ್ಕದ ಮಂಚದ ಚೌಕಟ್ಟಿಗೆ ಅಂಗೈ ಇಟ್ಟಳು. ಮರ ಸಣ್ಣಗೆ ಅದುರುತ್ತಿತ್ತು, ನಿಂತು, ಮತ್ತೆ ಅದುರುತ್ತಿತ್ತು.

ತೋಳು ಹಿಡಿದು ಅಲುಗಿಸಿದಳು. “ಏಳೇ, ಕೆಲಸದ ಹೊತ್ತು.”