ಟ್ಯಾಂಕು ಕಾಣುತ್ತದೆ ಎಂದೆ

ನಿಮ್ಮ ಮಗ ಹಟ ಮಾಡಿ ಬರಲಿಲ್ಲ, ತಾಯಿ. ನಾನು ಬಾ ಎಂದೆ, ಬಂದ. ಇಷ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು.

ಅಂದು ಹಾರನಹಳ್ಳಿಯ ನಮ್ಮ ಮನೆಯಲ್ಲಿ ಮೊಮ್ಮಗಳ ಮದುವೆ. ಚಪ್ಪರದ ಮೇಲೆ ಹೂ ಸುರಿಸಲು ಗಂಡಿನ ಕಡೆಯವರು ಹೆಲಿಕಾಪ್ಟರ್ ಗೊತ್ತು ಮಾಡಿದ್ದರು. ಓಡಿಸುವವನು ನಿಮ್ಮ ಮಗ. ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದ — ಹುಣಸೂರಿನಲ್ಲಿ ಕಾದಿರುತ್ತೇನೆ, ಬೆಳಿಗ್ಗೆ ಯಾರಾದರೂ ತಾರಸಿ ಮೇಲೆ ನಿಂತು ನೋಡಿ, ಊರಾಚೆಯ ನೀರಿನ ಟ್ಯಾಂಕು ಕಂಡರೆ ಮಾತ್ರ ಹೊರಡುತ್ತೇನೆ. ಅದರ ಮಗ್ಗುಲಲ್ಲಿ ದೊಡ್ಡ ಕರೆಂಟು ತಂತಿ ಇದೆ ಎಂದು.

ಬೆಳಿಗ್ಗೆ ಎಲ್ಲರಿಗೂ ಕೆಲಸ. ಸುಮ್ಮನೆ ಕೂತಿದ್ದವಳು ನಾನು. ನನ್ನ ಮಗ ಫೋನು ಕೈಗೆ ಕೊಟ್ಟು ತಾರಸಿಗೆ ಕಳಿಸಿದ. ಮಂಜೆಂದರೆ ಮಂಜು — ಎದುರು ಮನೆಯ ಹೆಂಚೂ ಕಾಣದು. ಕೆಳಗೆ ತರಕಾರಿ ಹೆಚ್ಚುತ್ತಿದ್ದ ನನ್ನ ವಾರಗಿತ್ತಿ ಕೂಗಿದಳು:

“ಏನಕ್ಕಾ, ಇಂತಾ ಮಂಜಲ್ಲಿ ಕಾಗೆನೂ ಆರಾಕಿಲ್ಲ, ನಿಮ್ ಎಲಿಕಾಪ್ಟರ್ ಬಂದದಾ? ಏಣಿ ತರ್ಸು, ಊವ ನಾನೇ ಹತ್ತಿ ಎರಚ್ತೀನಿ.”

ಹೆಂಗಸರೆಲ್ಲ ನಕ್ಕರು. ಅಷ್ಟರಲ್ಲಿ ಫೋನು ಬಂತು.

“ಅಜ್ಜಿ, ಟ್ಯಾಂಕ್ ಕಾಣಿಸ್ತಾ ಇದೆಯಾ? ಇಲ್ಲ ಅಂದ್ರೆ ಇಲ್ಲ ಅನ್ನಿ, ನನಗೇನೂ ಬೇಜಾರಿಲ್ಲ.”

ಮದುವೆ ಮನೆಯಲ್ಲಿ ನಾವು ಇಲ್ಲ ಎನ್ನುವುದಿಲ್ಲ. ಅಕ್ಕಿ ಮುಗಿದರೆ ತುಂಬಿದೆ ಎನ್ನುತ್ತೇವೆ, ಬಳೆ ಒಡೆದರೆ ಹೆಚ್ಚಿತು ಎನ್ನುತ್ತೇವೆ. ಆ ರೂಢಿಯೇ ನಾಲಿಗೆ ಕಟ್ಟಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮಂಜಿದೆ ಅಂದಿದ್ದರೆ ಸಾಕಿತ್ತು, ಅದರಲ್ಲಿ ಯಾವ ಅಪಶಕುನ? ವಾರಗಿತ್ತಿಯ ಬಾಯಿ ಮುಚ್ಚಿಸಬೇಕಿತ್ತು ನನಗೆ. ಅಷ್ಟಕ್ಕೇ —

“ಕಾಣ್ತದೆ ಕಣಪ್ಪ. ಬಾ,” ಎಂದೆ.

ದಾರಿಯಲ್ಲಿ ಮಂಜು ದಟ್ಟವಾದಂತೆ, ಕೆಳಗಿನ ರಸ್ತೆ ಹಿಡಿದು ತೀರಾ ತಗ್ಗಿನಲ್ಲಿ ಬಂದನಂತೆ. ಸದ್ದು ಕೇಳಿ ಜನ ತಲೆ ಎತ್ತಿದರು. ಕಾಣಲಿಲ್ಲ. ಆಮೇಲೆ ಟ್ಯಾಂಕಿನ ಕಡೆ ತಂತಿ ಕಿತ್ತ ಸದ್ದು. ಶುಂಠಿ ಹೊಲದಲ್ಲಿ ಬಿದ್ದಿದ್ದ. ಒಬ್ಬನೇ ಇದ್ದ. ಉಸಿರಿರಲಿಲ್ಲ.

ವಿಚಾರಣೆಗೆ ಬಂದವರ ಮುಂದೆ, ‘ನಾನು ಬರಬೇಡ ಎಂದೆ, ಅವನೇ ಕೇಳಲಿಲ್ಲ’ ಎಂದು ಹೇಳಿ ರುಜು ಹಾಕಿದೆ. ತಪ್ಪು ಅವನದೇ ಎಂದು ಬರೆದುಕೊಂಡು ಹೋದರು.

ತಿಂಗಳ ಮೇಲೆ ನೀವು ಬಂದಿರಿ. ನನ್ನ ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿಯದೆ ಕೇಳಿದಿರಿ: “ನನ್ನ ಮಗ ಹಟಮಾರಿ ಅಲ್ಲ ಕಣಮ್ಮ. ನೀವು ಬೇಡ ಅಂದ್ರೂ ಬಂದನಾ?”

“ಬಂದ ಕಣವ್ವ,” ಎಂದೆ.

ಮೊದಲನೆಯ ಸುಳ್ಳು ಹೇಳುವಾಗ ಅವನು ಸಾಯುತ್ತಾನೆಂದು ಗೊತ್ತಿರಲಿಲ್ಲ. ಇದನ್ನು ಹೇಳುವಾಗ ಎಲ್ಲ ಗೊತ್ತಿತ್ತು. ನೀವು ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಿರಿ. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ.

ಮೂರನೇ ಕ್ಲಾಸು ಓದಿದ ಕೈ, ಅಕ್ಷರ ಸೊಟ್ಟಗಿದ್ದಾವು. ಇಂಥದ್ದೇ ಇನ್ನೊಂದು ಕಾಗದ ಬರೆದು, ನನ್ನ ಹೇಳಿಕೆ ಸುಳ್ಳೆಂದು ಪಿರಿಯಾಪಟ್ಟಣದ ಪೊಲೀಸ್ ಠಾಣೆಗೆ ಸೋಮವಾರ ಕೊಡುತ್ತೇನೆ. ಅಲ್ಲಿಂದ ನಿಮ್ಮ ಮನೆಗೆ. ನೀವು ಬಾಗಿಲು ತೆಗೆಯದಿದ್ದರೆ ಬೀದಿಯಲ್ಲೇ ನಿಂತು, ನಿಮ್ಮ ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳಿ ಬರುತ್ತೇನೆ.