ಕಹಿಯಕ್ಕ

ಕೈತೊಳೆಯುವ ಪಿಂಗಾಣಿ ಬೇಸಿನ್ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಕಹಿಯಕ್ಕ. ಧೂಳು ತಡೆಯಲು ಯಾರ ಮುಖಕ್ಕೆ ಯಾವ ಮಾಸ್ಕು ಹೊಂದುತ್ತದೆಂದು ನೋಡಿ ಕೊಡುವುದು ಅವಳ ಕೆಲಸ. ಮಾಸ್ಕು ಹಾಕಿಸಿ, ತಲೆಯ ಮೇಲಿಂದ ಪಾರದರ್ಶಕ ಮುಸುಕೊಂದನ್ನು ಇಳಿಸಿ, ಅದರ ತೂತಿನಿಂದ ಕಹಿನೀರನ್ನು ಪಿಸ್ಸೆಂದು ಸಿಂಪಡಿಸಿ, "ಕಹಿ ಬಂತಾ?" ಎಂದು ಕೇಳುವಳು. ಬಂತೆಂದರೆ ಎಲ್ಲೋ ಸಂದು ಬಿಟ್ಟಿದೆ, ಬೇರೆ ಮಾಸ್ಕು ಹುಡುಕಬೇಕು. ಬರಲಿಲ್ಲವೆಂದರೆ ಪಾಸು. ಗಡ್ಡ ಬಿಟ್ಟವರನ್ನು, "ಬೋಳಿಸ್ಕೊಂಡು ಬಾರಪ್ಪ, ಮಾಸ್ಕು ಕೂತ್ಕೊಳಲ್ಲ" ಎಂದು ವಾಪಸು ಕಳಿಸುವಳು. ಅವರು ಬೈದುಕೊಂಡೇ ಹೋಗುವರು.

ಆ ವರ್ಷ ಕಂಪನಿ ಹಳೆಯ ಮಾಸ್ಕು ಬಿಟ್ಟು ಹೊಸ ಬಗೆಯದನ್ನು ತರಿಸಿತು. ಎಲ್ಲರಿಗೂ ಮೊದಲಿನಿಂದ ಪರೀಕ್ಷೆ ಆಗಬೇಕಿತ್ತು, ಬೇಗ ಆಗಬೇಕಿತ್ತು. ಅದೇ ಹೊತ್ತಿಗೆ ಗೋಡೆಗೆ ಬಣ್ಣ ಬಳಿಯುವ ಅವಳ ಗಂಡ ಏಣಿಯಿಂದ ಬಿದ್ದು, ಕಾಲು ಮುರಿದುಕೊಂಡು ಮಲಗಿದ್ದ. ಅವನನ್ನು ಎತ್ತಿ ಕೂರಿಸಿ, ಒರೆಸಿ, ಉಣ್ಣಿಸಿ ಅವಳು ಕೆಲಸಕ್ಕೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತಿತ್ತು. ಅವನು ಬೇರೆ ತಮಾಷೆ ಮಾಡುವನು: "ನೀನು ಕೈಯಿಟ್ಟಿದ್ದೆಲ್ಲಾ ಕಹಿ ಕಣೇ. ಅನ್ನಾನೂ ಕಹಿ." ನಗುವ ತ್ರಾಣ ಅವಳಿಗಿರಲಿಲ್ಲ.

ಮಾಸ್ಕು ಹಾಕಿಸುವ ಮುನ್ನ ಬರಿ ಮುಖಕ್ಕೆ ಒಮ್ಮೆ ಸಿಂಪಡಿಸಿ, ಕಹಿ ಗೊತ್ತಾಗುತ್ತದೆಯೇ ಎಂದು ನೋಡಬೇಕು. ನಿಯಮ ಹಾಗಿದೆ. ಬಾಗಿಲಾಚೆಯ ಸಾಲು ನೋಡಿ ಅವಳು ಅದನ್ನು ಬಿಟ್ಟುಬಿಟ್ಟಳು. ಕಹಿ ಯಾರಿಗೆ ತಾನೇ ಗೊತ್ತಾಗುವುದಿಲ್ಲ?

ಸಾಲಿನಲ್ಲಿ ಗಿಣಿಯಮ್ಮನೂ ಇದ್ದಳು. ಮೂಗು ಕೊಕ್ಕಿನಂತೆ ಬಾಗಿದ್ದರಿಂದ ಆ ಹೆಸರು. ಮುಖವೋ ಅಂಗೈಯಗಲ. ಒಣಗಿದ ಬೇಸಿನ್ನುಗಳನ್ನು ಸುಡುವ ಮುನ್ನ ಅಂಚು ಕೆರೆದು ನುಣುಪು ಮಾಡುವ ಕೋಣೆಯವಳು. ಅಲ್ಲಿನ ಧೂಳು ಹಿಟ್ಟಿಗಿಂತ ಸಣ್ಣದು. ಎದೆಗಿಳಿದರೆ ಅಲ್ಲೇ ಬೀಡುಬಿಡುತ್ತದೆ. ಗಿಣಿಯಮ್ಮ ಮೊದಲ ಮಾಸ್ಕಿನಲ್ಲೇ ಪಾಸಾದಳು.

ಕೆಲವು ದಿನ ಕಳೆದ ಮೇಲೆ ಕ್ಯಾಂಟೀನಿನವನು ಚಹಾಕ್ಕೆ ಸಕ್ಕರೆಯೆಂದು ಉಪ್ಪು ಸುರಿದ. ಬಾಯಿಗಿಟ್ಟವರೆಲ್ಲ ಥೂ ಎಂದು ಉಗಿದರು. ಗಿಣಿಯಮ್ಮ ಮಾತ್ರ ಲೋಟ ಬರಿದು ಮಾಡಿ, "ಯಾಕ್ರೇ, ಏನಾಯ್ತು?" ಎಂದಳು. ಎಲ್ಲರೂ ಬಿದ್ದುಬಿದ್ದು ನಕ್ಕರು. ಕಹಿಯಕ್ಕ ನಗದೆ ಎದ್ದು ಅವಳ ಬಳಿ ಬಂದಳು.

"ಗಿಣಿಯಮ್ಮ, ನಿಮಗೆ ಉಪ್ಪು ಗೊತ್ತಾಗ್ಲಿಲ್ವಾ?"

"ಒಂದ್ಸಲ ಕೆಟ್ಟ ಜ್ವರ ಬಂದು ಹೋದ್ಮೇಲೆ ನಾಲಿಗೆ ಸತ್ತೋಗಿದೆ ಕಣೇ ತಾಯಿ. ಈಗ ಅಡಿಗೆ ರುಚಿ ನೋಡೋದೆಲ್ಲ ಸೊಸೆನೇ. ಅವಳಿಗೂ ಆರಾಮ, ನನ್ನ ಬಾಯಿಂದ ಒಂದು ಕೊಂಕಿಲ್ಲ."

"ಮತ್ತೆ ನನಗೆ ಹೇಳಬಾರ್ದಿತ್ತಾ?"

"ನೀನು ಕಹಿ ಬಂತಾ ಅಂತ ಕೇಳ್ದೆ, ಬರ್ಲಿಲ್ಲ ಅಂದೆ. ಅದ್ರಲ್ಲಿ ಸುಳ್ಳೇನಿದೆ?"

ಸುಳ್ಳೇನೂ ಇರಲಿಲ್ಲ. ಅವಳ ಮಾಸ್ಕು ತಿರುವಿ ನೋಡಿದರೆ, ಒಳಗೆ ಮೂಗಿನ ಎರಡೂ ಬದಿಗೆ ಬಿಳಿ ಧೂಳು ಗೆರೆ ಎಳೆದಂತೆ ಕೂತಿತ್ತು. ಕಹಿಯಕ್ಕ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮ್ಯಾನೇಜರ ಬಳಿ ಹೋದಳು.

"ಅವಳಿಗೊಂದು ದಪ್ಪನೇದು ಕೊಟ್ಬಿಡಿ, ಮುಗೀತಲ್ಲಮ್ಮ," ಎಂದರು ಅವರು ಫೋನಿನಿಂದ ತಲೆಯೆತ್ತದೆ.

"ದಪ್ಪ ಆದ್ರೇನು ಸಾರ್, ಸಂದಿಯಿಂದ ನುಗ್ಗುತ್ತೆ. ಮಾಸ್ಕಿನ ಒಳಗೂ ಹೊರಗೂ ಧೂಳು ಅಳೆಯೋ ಯಂತ್ರ ಇದೆ. ಅದಕ್ಕೆ ಯಾರ ನಾಲಿಗೇನೂ ಬೇಡ. ಬಾಡಿಗೆಗೆ ಸಿಗುತ್ತೆ."

"ಒಬ್ಬಳಿಗೋಸ್ಕರ ಯಂತ್ರಾನಾ?"

"ಒಬ್ಬಳೇ ಅಂತ ಹೆಂಗೆ ಹೇಳ್ಲಿ ಸಾರ್? ಬರಿ ಮುಖದ ಪರೀಕ್ಷೆ ನಾನು ಯಾರಿಗೂ ಮಾಡಿಲ್ಲ. ತಪ್ಪು ನಂದೇ. ಎಲ್ಲರಿಗೂ ಮತ್ತೆ ಮಾಡ್ಬೇಕು."

ಮ್ಯಾನೇಜರು ಕಣ್ಣುಜ್ಜಿಕೊಂಡರು. ಅವರಿಗೂ ಸುಸ್ತಾಗಿತ್ತೇನೋ, ಬೈಯಲಿಲ್ಲ. "ತರಿಸಿ. ಆದ್ರೆ ಕೆಲಸ ನಿಲ್ಲಬಾರ್ದು," ಎಂದರು.

ಯಂತ್ರ ಬರುವವರೆಗೆ ಗಿಣಿಯಮ್ಮನನ್ನು ಪ್ಯಾಕಿಂಗಿಗೆ ಹಾಕಿದರು. ಅವಳು ಮುಖ ಊದಿಸಿಕೊಂಡಳು. "ಇಲ್ಲಿ ಒಂದು ಮಾತಿಗೆ ಜನ ಇಲ್ಲ. ರಟ್ಟಿನ ಡಬ್ಬದ ಜೊತೆ ಮಾತಾಡ್ಲಾ? ನಿನಗೆ ನಾನೇನು ಅನ್ಯಾಯ ಮಾಡಿದ್ದೆ?" ಕಹಿಯಕ್ಕ ಪೂರ್ತಿ ಕೇಳಿಸಿಕೊಂಡೇ ತನ್ನ ಕೋಣೆಗೆ ಮರಳಿದಳು.

ಯಂತ್ರ ಬಂತು. ಗಿಣಿಯಮ್ಮನ ಮುಖಕ್ಕೆ ಸ್ಟೋರಿನಲ್ಲಿದ್ದ ಯಾವ ಮಾಸ್ಕೂ ಕೂರಲಿಲ್ಲ. ಆಕಾರ ಬೇರೆಬೇರೆಯಾದರೂ ಎಲ್ಲವೂ ದೊಡ್ಡ ಅಳತೆಯವು, ಅಗಲ ಮುಖದವರಿಗೆ ಹೊಲಿದಂಥವು. ಬರಿ ಮುಖದ ಪರೀಕ್ಷೆಯಲ್ಲಿ ಸುಡುವ ಒಲೆಗೆ ಬೇಸಿನ್ ತುಂಬುವವನೊಬ್ಬನಿಗೂ ರುಚಿಯಿಲ್ಲವೆಂದು ಗೊತ್ತಾಯಿತು. ಅವನು ನಾಚಿಕೆಯಿಂದ ಮನೆಯಲ್ಲೂ ಹೇಳಿರಲಿಲ್ಲವಂತೆ. ಕೆರೆಯುವ ಕೋಣೆಯ ಇನ್ನೂ ಕೆಲವು ಹೆಂಗಸರು, ಕಹಿ ಬಂದರೂ, ತಮ್ಮನ್ನು ಬೇಗ ಬಿಡಲಿ ಎಂದು, "ಬರಲಿಲ್ಲ" ಎಂದಿದ್ದರಂತೆ. ಅದನ್ನು ಕೇಳಿ ಕಹಿಯಕ್ಕ ಕುರ್ಚಿಯಲ್ಲಿ ಕೂತುಬಿಟ್ಟಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಸಣ್ಣ ಅಳತೆಯ ರಬ್ಬರ್ ಮಾಸ್ಕುಗಳಿಗೆ ಫೋನಿನ ಮೇಲೆ ಫೋನು ಮಾಡಿ, ಕೊನೆಗೆ ತರಿಸಿದಳು. ಗಿಣಿಯಮ್ಮನ ಕೊಕ್ಕುಮೂಗಿಗೆ ಒಂದು ಕೂತಿತು. ವೈದ್ಯರು ಅವಳ ಎದೆಯ ಫೋಟೋ ನೋಡಿ, ಸದ್ಯಕ್ಕೆ ಕಲೆಯೇನೂ ಕಾಣುತ್ತಿಲ್ಲ, ವರ್ಷಕ್ಕೊಮ್ಮೆ ಬರುತ್ತಿರಿ ಎಂದರು. ಕೆರೆಯುವ ಮುನ್ನ ಅಂಚನ್ನು ಒದ್ದೆ ಸ್ಪಂಜಿನಿಂದ ಒರೆಸುವ ಪದ್ಧತಿಯೂ ಶುರುವಾಗಿ, ಧೂಳು ತುಸು ಇಳಿಯಿತು.

ಗಿಣಿಯಮ್ಮ ತನ್ನ ಜಾಗಕ್ಕೆ ಮರಳಿದ ದಿನ, ಕಹಿಯಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಗಿಣಿಯಮ್ಮ ಮಾಸ್ಕಿನೊಳಗಿಂದಲೇ ಏನೋ ಕೂಗಿದಳು. ಬೈದಳೋ, ಹೊಗಳಿದಳೋ, ತಿಳಿಯಲಿಲ್ಲ. ಕಹಿಯಕ್ಕ ಮತ್ತೆ ಕೇಳಲೂ ಇಲ್ಲ, ಕೈಯೆತ್ತಿ ಹೊರಟಳು. ಅಂಟು ಹಚ್ಚುವ ಕೋಣೆಯವರ ಪರೀಕ್ಷೆ ಇನ್ನೂ ಬಾಕಿಯಿತ್ತು. ಅಲ್ಲಿರುವುದು ಧೂಳಲ್ಲ, ಅಂಟಿನ ಆವಿ. ಅದಕ್ಕೆ ಮಾಸ್ಕಿನ ಫಿಲ್ಟರೇ ಬೇರೆ.