ತುಟಿಯೊಳಗಿನ ಗುಳ್ಳೆ

ಕೆಳತುಟಿಯ ಒಳಗೊಂದು ಗುಳ್ಳೆ ಎದ್ದಿತ್ತು. ಕಡಲೆಕಾಳಿನಷ್ಟು ದಪ್ಪ, ತುಸು ನೀಲಿ, ಒತ್ತಿದರೆ ಮೆತ್ತಗೆ. ನೋವಿರಲಿಲ್ಲ. ನೋವಿಲ್ಲದ್ದಕ್ಕೇ ಹೆದರಿದೆ. ಇಪ್ಪತ್ತು ವರ್ಷದಿಂದ ಎಲೆಯಡಿಕೆ ಹಾಕುವವನು ನಾನು. ಬಾಯಿ ಕ್ಯಾನ್ಸರಿನ ಬಗ್ಗೆ ಪತ್ರಿಕೆಗೆ ಬರೆದವನೂ ನಾನೇ.

ಹೆಂಡತಿಗೆ ಬಾಯಿಹುಣ್ಣು ಎಂದೆ.

"ಹುಣ್ಣಾದ್ರೆ ಖಾರ ಉರೀಬೇಕಲ್ರೀ? ಆರಾಮಾಗಿ ಮೆಣಸಿನಕಾಯಿ ಬಜ್ಜಿ ತಿಂತಿದೀರಿ!"

ಸೊರಬದ ಮಾರುಕಟ್ಟೆಯಲ್ಲಿ ಹಿರಿಯ ವ್ಯಾಪಾರಿಯೊಬ್ಬರಿಗೆ ತೋರಿಸಿದೆ. "ಇಷ್ಟಕ್ಕೆಲ್ಲ ಡಾಕ್ಟ್ರಾ? ಚುಚ್ಚಿ ಸುಣ್ಣ ಹಚ್ರಿ" ಎಂದರು. ಸೂಜಿಯಿಂದ ಚುಚ್ಚಿದೆ. ಮೊಟ್ಟೆಯ ಬಿಳಿಯಂಥ ಲೋಳೆ ಬಂದು ಗುಳ್ಳೆ ಇಳಿಯಿತು. ಸುಣ್ಣಕ್ಕೆ ತುಟಿ ಸುಟ್ಟಿತು. ಎರಡು ವಾರದಲ್ಲಿ ಗುಳ್ಳೆ ಮತ್ತೆ ಬಂತು, ಮೊದಲಿಗಿಂತ ದೊಡ್ಡದಾಗಿ. ಆಗ ಹೆಂಡತಿಗೆ ನಿಜ ಹೇಳಿದೆ. ಮರುದಿನವೇ ಅವಳು ನನ್ನನ್ನು ಶಿಕಾರಿಪುರಕ್ಕೆ ಹೊರಡಿಸಿದಳು.

ದಂತವೈದ್ಯೆ ತುಟಿ ಮಗುಚಿ ನೋಡಿದರು. "ಚುಚ್ಚಿದ್ದು ಯಾರು?"

"ನಾನೇ."

"ಸುಣ್ಣ?"

"ಅದೂ ನಾನೇ."

"ಮತ್ತೆ ನಂಗೇನ್ರೀ ಕೆಲ್ಸ ಉಳ್ಸಿದೀರಿ?"

ಆಮೇಲೆ ಅವರ ಕಣ್ಣು ನನ್ನ ಮುಂದಿನ ಹಲ್ಲಿಗೆ ಹೋಯಿತು. ಅದರ ತುದಿ ಮುರಿದು ಚೂಪಾಗಿತ್ತು. ಏನು ಕಚ್ಚುತ್ತೀರಿ ಎಂದರು. ಭತ್ತ, ಎಂದೆ. ನಾನು ಪತ್ರಿಕೆಗೆ ಮಾರುಕಟ್ಟೆಯ ಧಾರಣೆ ಬರೆಯುವವನು. ರಾಶಿಯಿಂದ ಒಂದು ಕಾಳು ಹಲ್ಲಿಗಿಟ್ಟು, ಟಕ್ಕೆಂದರೆ ಒಣಗಿದೆ, ಮೆತ್ತಗಾದರೆ ಹಸಿ ಎಂದು ತಿಳಿಯುವುದು ಇಲ್ಲಿಯ ರೂಢಿ. ತೇವಾಂಶ ನೋಡುವ ಯಂತ್ರ ಬಂದ ಮೇಲೂ ನಾನು ಅದನ್ನು ಬಿಟ್ಟಿರಲಿಲ್ಲ.

ಆ ಚೂಪು ಹಲ್ಲು ತುಟಿಗೆ ತಾಗುತ್ತಲೇ ಇತ್ತು. ತುಟಿಯೊಳಗೆ ಜೊಲ್ಲು ಸುರಿಸುವ ಸಣ್ಣ ಗ್ರಂಥಿಗಳಿರುತ್ತವೆ. ಅವುಗಳ ನಾಳ ಹರಿದರೆ ಲೋಳೆ ಹೊರಬರದೆ ಒಳಗೇ ತುಂಬಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಇಂಥ ಕೆಲವು ಗುಳ್ಳೆಗಳು ತಾವಾಗಿಯೇ ಹೋಗುತ್ತವಂತೆ. ಮರಳಿ ಬಂದದ್ದನ್ನು ಗ್ರಂಥಿಸಮೇತ ತೆಗೆಯಬೇಕು. ಬರೀ ಚುಚ್ಚಿದರೆ ಮತ್ತೆ ತುಂಬುತ್ತದೆ.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯೊಳಗೆ ತೆಗೆದರು. ಮೂರು ಹೊಲಿಗೆ. ಹಲ್ಲಿನ ಚೂಪನ್ನೂ ಉಜ್ಜಿ ನಯ ಮಾಡಿದರು. "ಕ್ಯಾನ್ಸರ್ ಥರ ಕಾಣಲ್ಲ. ಆದ್ರೂ ಪರೀಕ್ಷೆಗೆ ಕಳಿಸ್ತೀನಿ. ಎಲೆಯಡಿಕೆ ಮಾತ್ರ ಬಿಡ್ರಿ, ಅದರ ಭಯ ಬೇರೆನೇ ಇದೆ."

ಪರೀಕ್ಷೆಯ ವರದಿ ಬರಲು ಒಂದು ವಾರ ಹಿಡಿಯಿತು. ವೈದ್ಯೆ ಫೋನಿನಲ್ಲಿ ಏನೂ ಇಲ್ಲ ಎಂದರು. ಕಾಗದ ನೋಡದೆ ನಂಬುವವನಲ್ಲ ನಾನು. ಹೆಂಡತಿಯೊಂದಿಗೆ ಹೋಗಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ವರದಿಯನ್ನು ಎರಡು ಸಲ ಓದಿದೆ. ಅದು ಇಂಗ್ಲಿಷಿನಲ್ಲಿತ್ತು. ಅವಳಿಗೆ ಕನ್ನಡದಲ್ಲಿ ಹೇಳಿದೆ: ಲೋಳೆಯ ಗುಳ್ಳೆ, ಕ್ಯಾನ್ಸರಿನ ಲಕ್ಷಣವಿಲ್ಲ.

"ಕೊನೇದು ಇನ್ನೊಂದ್ಸಲ ಹೇಳ್ರಿ."

ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಏಳ್ರಿ, ಸೊರಬದ ಬಸ್ಸು ಹೋಗ್ಬಿಡುತ್ತೆ."